ಬ್ರೌಸರಿನ ದಫ್ತರವೂ ನ್ಯಾಯಾಸನವೂ

ನಮ್ಮ ನ್ಯಾಯಾಲಯಗಳ ಕಟಕಟೆಯಲ್ಲಿ ಕೆಲವು ವರ್ಷಗಳಿಂದೀಚೆಗೆ ಹೊಸ ಸಾಕ್ಷಿದಾರನೊಬ್ಬನು ಬಂದು ನಿಂತಿದ್ದಾನೆ. ಅವನು ಪ್ರಮಾಣವಚನವನ್ನು ನುಡಿಯುವುದಿಲ್ಲ, ಪಾಟೀಸವಾಲಿಗೆ ಉತ್ತರ ಕೊಡುವುದಿಲ್ಲ, ಬೆದರಿಕೆಗೆ ಬಗ್ಗುವುದಿಲ್ಲ, ಲಂಚಕ್ಕೆ ಒಲಿಯುವುದೂ ಇಲ್ಲ. ಇಷ್ಟರಿಂದಲೇ ಅವನ ಮಾತು ವೇದವಾಕ್ಯವೆಂದು ಬಗೆಯುವವರು ಪೋಲೀಸು ಖಾತೆಯಲ್ಲಿಯೂ, ವಕೀಲವರ್ಗದಲ್ಲಿಯೂ, ಸಾರ್ವಜನಿಕರಲ್ಲಿಯೂ ಹೆಚ್ಚುತ್ತಿದ್ದಾರೆ. ಆ ಸಾಕ್ಷಿದಾರನು ಮತ್ತಾರೂ ಅಲ್ಲ. ನಮ್ಮೆಲ್ಲರ ಕೈಯ ಮೊಬೈಲಿನಲ್ಲಿಯೂ ಮೇಜಿನ ಮೇಲಣ ಕಂಪ್ಯೂಟರಿನಲ್ಲಿಯೂ ಅಂತರ್ಜಾಲದ ಪುಟಗಳನ್ನು ತೆರೆದು ತೋರಿಸುವ ಬ್ರೌಸರು. ಅದು ತನ್ನೊಳಗೆ ಸದ್ದಿಲ್ಲದೆ ಬರೆದಿಟ್ಟುಕೊಳ್ಳುವ ದಫ್ತರಕ್ಕೆ ಎಷ್ಟು ಬೆಲೆ ಕೊಡಬೇಕು, ಎಲ್ಲಿ ಕೈ ತಡೆಯಬೇಕು ಎಂಬ ಪ್ರಶ್ನೆಯನ್ನು ನಾವು ಇಂದು ವಾಚಕರ ಮುಂದಿಡಲು ಇಚ್ಛಿಸುತ್ತೇವೆ.

ಇದು ಬೆಂಗಳೂರಿನವರ ಮಾತು, ಮಲಪ್ರಭೆಯ ದಂಡೆಯ ಮುನವಳ್ಳಿಯಂಥ ಊರಿಗೆ ಇದರಿಂದೇನಾಗಬೇಕು ಎಂದು ಕೆಲವರು ಕೇಳಬಹುದು. ಅವರು ತಮ್ಮ ಅಂಗಡಿಯ ಗಲ್ಲೆಯ ಮೇಲೆಯೇ ಕಣ್ಣು ಹಾಯಿಸಲಿ. ಅಲ್ಲಿ ಬಿದ್ದಿರುವ ಮೊಬೈಲು ಬೆಳಿಗ್ಗೆ ಯಜಮಾನನದು. ಮಧ್ಯಾಹ್ನ ಅವನ ಮಗನದು. ಸಂಜೆ ಲೆಕ್ಕ ಬರೆಯುವ ಗುಮಾಸ್ತನದು. ಪೇಟೆಯ ಧಾರಣೆ ನೋಡುವುದಕ್ಕೂ, ಪರೀಕ್ಷೆಯ ಫಲಿತಾಂಶ ನೋಡುವುದಕ್ಕೂ, ಪಹಣಿ ಪತ್ರಿಕೆ ತೆಗೆಯುವುದಕ್ಕೂ, ಔಷಧದ ಗುಣದೋಷಗಳನ್ನು ತಿಳಿಯುವುದಕ್ಕೂ ಅದೊಂದೇ ಆಧಾರ. ಹೀಗೆ ಹಲವು ಕೈಗಳು ಮುಟ್ಟುವ ಸಾಧನದಲ್ಲಿ ಒಂದೇ ದಫ್ತರವು ಬೆಳೆಯುತ್ತ ಹೋಗುತ್ತದೆ. ಆ ದಫ್ತರದ ಮೇಲೆ ಬರೆದಿರುವ ಹೆಸರು ಮಾತ್ರ ಒಬ್ಬನದು.

ಒಂದು ಸಂಗತಿಯನ್ನು ಊಹಿಸಿಕೊಳ್ಳೋಣ. ಹತ್ತಿಗೆ ಬಿದ್ದ ಹುಳಕ್ಕೆ ಯಾವ ವಿಷವನ್ನು ಎಷ್ಟು ನೀರಿಗೆ ಬೆರೆಸಿ ಸಿಂಪಡಿಸಬೇಕು, ಅದು ಮೈಗೆ ತಗಲಿದರೆ ಪ್ರಾಣಾಪಾಯವುಂಟೇ ಎಂದು ರೈತನೊಬ್ಬನು ತನ್ನ ಮೊಬೈಲಿನಲ್ಲಿ ಹುಡುಕಿ ನೋಡಿದನು. ತಿಂಗಳೊಂದು ಕಳೆದ ಮೇಲೆ ದುರ್ದೈವದಿಂದ ಆ ಮನೆಯಲ್ಲಿ ವಿಷಪ್ರಾಶನದಿಂದ ಒಂದು ಮರಣವಾಯಿತು. ಮೊಬೈಲು ಜಪ್ತಿಯಾಯಿತು; ದಫ್ತರವನ್ನು ತೆರೆದರು; ವಿಷದ ಹೆಸರೂ, ಪ್ರಾಣಾಪಾಯದ ಪ್ರಶ್ನೆಯೂ ತಾರೀಖು, ತಾಸು, ನಿಮಿಷಗಳ ಸಹಿತ ಹೊರಬಿದ್ದವು. ಹುಳದ ಮಾತು ಹಿಂದೆ ಬಿದ್ದು ಕೊಲೆಯ ಮಾತು ಮುಂದೆ ಬಂದಿತು. ಆ ರೈತನು ದೋಷಿಯೋ ನಿರ್ದೋಷಿಯೋ ಎಂಬುದು ಬೇರೆಯ ಮಾತು. ಬರಿಯ ಆ ಒಂದು ಸಾಲಿನಿಂದ ಅವನ ಕೊರಳಿಗೆ ಹಗ್ಗ ಬೀಳಬಹುದೇ ಎಂಬುದೇ ನಮ್ಮ ಪ್ರಶ್ನೆ.

ಮೊದಲು ಈ ದಫ್ತರದಲ್ಲಿ ಏನೇನಿರುತ್ತದೆಂಬುದನ್ನು ತಿಳಿಯುವುದು ಅವಶ್ಯ. ತೆರೆದ ಪುಟಗಳ ವಿಳಾಸ, ತೆರೆದ ಕಾಲ, ಎಷ್ಟು ಸಲ ತೆರೆದದ್ದೆಂಬ ಎಣಿಕೆ, ಹುಡುಕಿದ ಶಬ್ದಗಳು, ಇಳಿಸಿಕೊಂಡ ಕಡತಗಳು, ಅರ್ಜಿಗಳಲ್ಲಿ ತುಂಬಿದ ಹೆಸರು ವಿಳಾಸಗಳು, ಪುಟಗಳಿಂದ ಬಂದು ಉಳಿದ ಚಿತ್ರಗಳು, ಕುಕೀ ಎಂಬ ಗುರುತಿನ ಚೀಟಿಗಳು: ಇವೆಲ್ಲವೂ ಅದರಲ್ಲಿವೆ. ಕ್ರೋಮ್ ಎಂಬ ಬ್ರೌಸರು ಪುಟವೊಂದು ಹೇಗೆ ತೆರೆಯಿತೆಂಬುದನ್ನು ಸಹ ಬರೆದಿಡುತ್ತದೆ. ಮನುಷ್ಯನು ವಿಳಾಸವನ್ನು ಅಕ್ಷರಶಃ ಬರೆದು ತೆರೆದನೋ, ಬೇರೊಂದು ಪುಟದಲ್ಲಿಯ ಕೊಂಡಿಯನ್ನು ಒತ್ತಿ ಬಂದನೋ, ಅಥವಾ ಪುಟವು ತಾನಾಗಿಯೇ ಬಂದಿತೋ ಎಂಬ ಭೇದವು ಅಲ್ಲಿ ಉಂಟು. ಸಾಧಾರಣವಾಗಿ ಕ್ರೋಮಿನಲ್ಲಿ ಈ ಲೆಕ್ಕವು 90 ದಿವಸಗಳವರೆಗೆ ಇರುವುದು. ಅಳಿಸಿದ ಬಳಿಕವೂ ನುರಿತ ಪರೀಕ್ಷಕನು ಅದರ ಚೂರುಪಾರುಗಳನ್ನು ಕೆಲವು ಸಲ ಹೆಕ್ಕಿ ತೆಗೆಯಬಲ್ಲನು. ಖಾಸಗಿ ಕಿಟಕಿಯನ್ನು ತೆರೆದು ನೋಡಿದರೆ ಈ ದಫ್ತರದಲ್ಲಿ ಗುರುತು ಉಳಿಯುವುದಿಲ್ಲವೆಂಬುದು ನಿಜ. ಆದರೆ ಯಂತ್ರದ ತಾತ್ಕಾಲಿಕ ಸ್ಮೃತಿಯಲ್ಲಿಯೂ, ಸಂಪರ್ಕವನ್ನು ಒದಗಿಸುವ ಕಂಪನಿಯ ಲೆಕ್ಕದಲ್ಲಿಯೂ ಕೆಲವು ಗುರುತುಗಳು ಉಳಿಯಬಲ್ಲವು.

ಇಂಥ ಸಾಕ್ಷ್ಯವನ್ನು ತಳ್ಳಿಹಾಕಬೇಕೆಂದು ನಾವು ಹೇಳುತ್ತಿಲ್ಲ. ಬ್ಯಾಂಕಿನ ಹೆಸರಿನಲ್ಲಿ ಸುಳ್ಳುಪುಟವನ್ನು ಹೂಡಿ ಬಡವರ ಉಳಿತಾಯವನ್ನು ದೋಚುವ ಕಳ್ಳರ ಜಾಡನ್ನು ಹಿಡಿಯುವುದು ಅನೇಕ ವೇಳೆ ಈ ಗುರುತುಗಳಿಂದಲೇ. ಆದರೆ ಸಾಕ್ಷ್ಯವು ಉಪಯುಕ್ತವಾದುದು ಎಂಬುದು ಬೇರೆ; ಅದೊಂದೇ ಸಾಕು ಎಂಬುದು ಬೇರೆ. ಈ ಭೇದವು ನಮ್ಮ ಪೇಟೆಯ ವರ್ತಕರಿಗೆ ಹೊಸದಲ್ಲ. 1872ನೆಯ ಇಸವಿಯ ಭಾರತೀಯ ಸಾಕ್ಷ್ಯ ಕಾಯದೆಯ 34ನೆಯ ಕಲಮಿನಲ್ಲಿ, ವ್ಯಾಪಾರದ ಕ್ರಮದಲ್ಲಿ ತಪ್ಪದೆ ಬರೆದಿಟ್ಟ ಕೀರ್ದಿ ಖತಾವಣಿಗಳ ನಮೂದುಗಳು ಸಂಬದ್ಧವಾದ ಸಾಕ್ಷ್ಯವೆಂದೂ, ಆದರೆ ಅವುಗಳಿಂದ ಮಾತ್ರವೇ ಯಾರ ಮೇಲೂ ಹೊಣೆಯನ್ನು ಹೊರಿಸಲಾಗದೆಂದೂ ವಿಧಿಸಲಾಗಿತ್ತು. ಸಾಹುಕಾರನು ತನ್ನ ಕೈಯಾರೆ ಬರೆದ ಸಾಲಿನ ಆಧಾರದಿಂದ ಮಾತ್ರ ಒಕ್ಕಲಿಗನ ಹೊಲವನ್ನು ಹರಾಜು ಹಾಕಲಾಗದು. ಹಣವು ಕೈಗೆ ಸೇರಿದುದಕ್ಕೆ ಬೇರೆ ರುಜುವಾತು ಬೇಕು. 1998ನೆಯ ಇಸವಿಯಲ್ಲಿ ಜೈನ್ ಹವಾಲಾ ಡೈರಿಗಳ ಖಟ್ಲೆಯಲ್ಲಿ ಸುಪ್ರೀಂ ಕೋರ್ಟು ಇದೇ ತತ್ತ್ವವನ್ನು ಎತ್ತಿ ಹಿಡಿಯಿತು. ಮಹಾಮಹಾ ಮಂತ್ರಿಗಳಿಗೆ ಆ ತತ್ತ್ವದ ಆಶ್ರಯ ದೊರೆಯಿತು. 2024ನೆಯ ಇಸವಿ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಅದು 28ನೆಯ ಕಲಮಾಗಿ ಉಳಿದಿದೆ. ಮನುಷ್ಯನು ತಿಳಿದು ಬರೆದ ಲೆಕ್ಕಕ್ಕೇ ಇಷ್ಟು ಎಚ್ಚರಿಕೆಯಿರುವಲ್ಲಿ, ಯಂತ್ರವು ತಿಳಿಯದೆ ಬರೆದುಕೊಂಡ ಲೆಕ್ಕಕ್ಕೆ ಅದಕ್ಕಿಂತ ಕಡಿಮೆ ಎಚ್ಚರಿಕೆ ಸಾಕೇ?

ಕನ್ನಡ ನಾಡಿನಲ್ಲಿ ಈ ವಿವೇಕವು ಪರದೇಶದಿಂದ ಬಂದುದಲ್ಲ. ಚಾಲುಕ್ಯ ವಿಕ್ರಮಾದಿತ್ಯನ ಆಳಿಕೆಯಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರ ವ್ಯಾಖ್ಯಾನವು ಶತಮಾನಗಳವರೆಗೆ ಭಾರತದ ಬಹುಭಾಗಕ್ಕೆ ನ್ಯಾಯದ ಆಧಾರವಾಗಿದ್ದಿತು. ಲಿಖಿತ, ಭುಕ್ತಿ, ಸಾಕ್ಷಿ ಎಂದು ಮೂರು ಪ್ರಮಾಣಗಳನ್ನು ಹೇಳಿದ ಆ ಸ್ಮೃತಿಯೇ, ಲಿಖಿತದಲ್ಲಿ ಸಂದೇಹ ಬಂದರೆ ಬರೆದವನ ಕೈಬರಹದೊಡನೆ ಹೋಲಿಸಿಯೂ, ಚಿಹ್ನೆ, ಸಂಬಂಧ, ಯುಕ್ತಿಗಳಿಂದ ವಿಚಾರಿಸಿಯೂ ಅದನ್ನು ಶೋಧಿಸಬೇಕೆಂದು ವಿಧಿಸಿತು. ಇನ್ನು ಶಾಸನಗಳ ಮಾತು. ಸವದತ್ತಿಯ ರಟ್ಟರ ಶಾಸನಗಳನ್ನು ಬೆಳಕಿಗೆ ತಂದ ಫ್ಲೀಟ್ ಮಹಾಶಯನು, ಕೂಟ ಶಾಸನಗಳ ದೊಡ್ಡ ಪಟ್ಟಿಯೊಂದನ್ನು 1901ನೆಯ ಇಸವಿಯಲ್ಲಿ ಪ್ರಕಟಿಸಿದನು. ತಾಮ್ರಪಟದ ಮೇಲೆ ರಾಜಮುದ್ರೆ ಇದ್ದ ಮಾತ್ರಕ್ಕೆ ಅದನ್ನು ನಂಬದೆ, ಲಿಪಿಯು ಆ ಕಾಲದ್ದೇ, ತಿಥಿಗೂ ವಾರಕ್ಕೂ ಹೊಂದಿಕೆಯುಂಟೇ ಎಂದು ವಿದ್ವಾಂಸರು ನೋಡುತ್ತಿದ್ದರು. ಕಲ್ಲಿನ ಮೇಲಣ ಬರಹಕ್ಕೆ ನಾವು ಹಾಕುವ ಒರೆಗಲ್ಲನ್ನು ಯಂತ್ರದೊಳಗಣ ಬರಹಕ್ಕೆ ಏಕೆ ಹಾಕಬಾರದು?

ಹಾಕದಿದ್ದರೆ ಆಗುವುದೇನೆಂಬುದಕ್ಕೆ ಜಗತ್ತಿನಲ್ಲಿ ನಿದರ್ಶನಗಳು ಈಗಾಗಲೇ ನಡೆದುಹೋಗಿವೆ. ಅಮೇರಿಕದ ಕನೆಕ್ಟಿಕಟ್ ಸಂಸ್ಥಾನದ ನಾರ್ವಿಚ್ ಎಂಬ ಊರಿನ ಶಾಲೆಯೊಂದರಲ್ಲಿ, 2004ನೆಯ ಇಸವಿ ಅಕ್ಟೋಬರದಲ್ಲಿ, ಬದಲಿ ಉಪಾಧ್ಯಾಯಿನಿಯೊಬ್ಬರು ಪಾಠ ಹೇಳುತ್ತಿದ್ದಾಗ ತರಗತಿಯ ಕಂಪ್ಯೂಟರಿನ ಮೇಲೆ ಅಶ್ಲೀಲ ಚಿತ್ರಗಳು ಒಂದರ ಮೇಲೊಂದು ತೆರೆದುಕೊಂಡವು. ಮಕ್ಕಳು ಕಂಡರು. ಬ್ರೌಸರಿನ ದಫ್ತರದಲ್ಲಿ ಆ ಪುಟಗಳ ವಿಳಾಸಗಳಿದ್ದವು; ಅಷ್ಟರ ಬಲದ ಮೇಲೆ ಆಕೆಯೇ ಬೇಕೆಂದು ಅವುಗಳನ್ನು ತೆರೆದಳೆಂದು ವಾದಿಸಲಾಯಿತು. 2007ನೆಯ ಇಸವಿ ಜನವರಿಯಲ್ಲಿ ಆಕೆಯನ್ನು ದೋಷಿಯೆಂದು ತೀರ್ಮಾನಿಸಿದರು. 40 ವರ್ಷಗಳವರೆಗಿನ ಸೆರೆವಾಸದ ಭಯವು ಆಕೆಯ ತಲೆಯ ಮೇಲೆ ತೂಗಾಡಿತು. ಬಳಿಕ ತಜ್ಞರು ಸ್ವಯಂಪ್ರೇರಿತರಾಗಿ ಪರೀಕ್ಷಿಸಿ, ಆ ಯಂತ್ರದಲ್ಲಿ ಸೇರಿಕೊಂಡಿದ್ದ ಜಾಹೀರಾತಿನ ಕ್ಷುದ್ರ ತಂತ್ರಾಂಶವೇ ಆ ಕಿಟಕಿಗಳನ್ನು ತೆರೆಯುತ್ತಿತ್ತೆಂದು ತೋರಿಸಿದರು. ಅದೇ ಜೂನ್ ತಿಂಗಳಲ್ಲಿ ತೀರ್ಪು ರದ್ದಾಯಿತು. ಆದರೂ ಖಟ್ಲೆಯ ಬಾಧೆಯಿಂದ ಪಾರಾಗುವುದಕ್ಕಾಗಿ 2008ರಲ್ಲಿ ಆಕೆಯು ಸಣ್ಣದೊಂದು ತಪ್ಪನ್ನು ಒಪ್ಪಿಕೊಂಡು, ಉಪಾಧ್ಯಾಯ ವೃತ್ತಿಯ ಹಕ್ಕನ್ನು ಬಿಟ್ಟುಕೊಡಬೇಕಾಯಿತು. ದಫ್ತರವು ಸುಳ್ಳು ಹೇಳಲಿಲ್ಲ. ಪುಟವು ತೆರೆದದ್ದು ನಿಜವೇ. ತೆರೆದವರು ಯಾರೆಂಬುದನ್ನು ದಫ್ತರದ ಬಾಯಿಯಿಂದ ಬಲವಂತವಾಗಿ ಹೇಳಿಸಿದವರು ಮನುಷ್ಯರು.

ಇದು ಒಂದು ಬಗೆಯ ತಪ್ಪು. ಇನ್ನೊಂದು ಬಗೆಯದು ಓದುವವನ ತಪ್ಪು. ಫ್ಲೋರಿಡಾ ಸಂಸ್ಥಾನದ ಆರ್ಲ್ಯಾಂಡೋದಲ್ಲಿ 2011ನೆಯ ಇಸವಿಯಲ್ಲಿ ನಡೆದ ಶಿಶುಹತ್ಯೆಯ ಖಟ್ಲೆಯಲ್ಲಿ, ಕ್ಲೋರೋಫಾರ್ಮ್ ಎಂಬ ಮೂರ್ಛೆಯ ಔಷಧವನ್ನು ಕುರಿತ ಪುಟವನ್ನು ಆರೋಪಿಯ ಮನೆಯ ಕಂಪ್ಯೂಟರಿನಲ್ಲಿ 84 ಸಲ ತೆರೆಯಲಾಗಿತ್ತೆಂದು ಸರಕಾರಿ ಪಕ್ಷವು ಸಾರಿ ಹೇಳಿತು. ದಫ್ತರವನ್ನು ಓದುವ ತಂತ್ರಾಂಶದ ದೋಷದಿಂದ ಬೇರೊಂದು ತಾಣದ ಎಣಿಕೆಯು ಈ ಪುಟದ ತಲೆಗೆ ಕಟ್ಟಲ್ಪಟ್ಟಿತ್ತು. ವಾಸ್ತವದಲ್ಲಿ ಅದನ್ನು ತೆರೆದದ್ದು ಒಂದೇ ಸಲ. ಆ ತಂತ್ರಾಂಶವನ್ನು ರಚಿಸಿದವರೇ ಈ ತಪ್ಪನ್ನು ಒಪ್ಪಿಕೊಂಡರು. ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. ಆ ಯಂತ್ರದಲ್ಲಿ ಎರಡು ಬ್ರೌಸರುಗಳಿದ್ದವು. ತನಿಖೆಯವರು ಒಂದನ್ನು ಮಾತ್ರ ನೋಡಿ, ಮಗುವು ಕಾಣೆಯಾದ ದಿನದ 17 ನಮೂದುಗಳನ್ನು ಹಿಡಿದರು. ಮತ್ತೊಂದಾದ ಫೈರ್‌ಫಾಕ್ಸಿನಲ್ಲಿ ಅದೇ ದಿನದ 1,200ಕ್ಕೂ ಮಿಕ್ಕಿದ ನಮೂದುಗಳು ಹಾಗೆಯೇ ಉಳಿದವು. ಅವುಗಳಲ್ಲಿ ಉಸಿರುಕಟ್ಟಿಸುವುದನ್ನು ಕುರಿತ ಹುಡುಕಾಟವೊಂದೂ ಇದ್ದಿತು. ಆರೋಪಿಯು ಕೊಲೆಯ ಆರೋಪದಿಂದ ಬಿಡುಗಡೆಯಾಗಿ ವರ್ಷವು ಕಳೆದ ಮೇಲೆ, 2012ರ ನವೆಂಬರದಲ್ಲಿ, ಈ ಲೋಪವನ್ನು ಪೋಲೀಸರು ಒಪ್ಪಿಕೊಂಡರು. ಇಲ್ಲದ ಸಾಕ್ಷ್ಯವನ್ನು ಇದೆಯೆಂದರು. ಇದ್ದ ಸಾಕ್ಷ್ಯವನ್ನು ಕಾಣದೆ ಹೋದರು. ಅಜಾಗರೂಕತೆಯು ನಿರಪರಾಧಿಗೆ ಮಾತ್ರ ಶತ್ರುವಲ್ಲ. ಸತ್ತವರಿಗೆ ಸಲ್ಲಬೇಕಾದ ನ್ಯಾಯಕ್ಕೂ ಅದೇ ಶತ್ರು.

ಮೂರನೆಯದು ಕಾಲದ ತಪ್ಪು. ನಮ್ಮ ಅಧಿಕಾರಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಬ್ರೌಸರುಗಳು ಕಾಲವನ್ನು ಪಂಚಾಂಗದಂತೆ ಬರೆಯುವುದಿಲ್ಲ. ಕ್ರೋಮ್ ಎಂಬುದು 1601ನೆಯ ಇಸವಿ ಜನವರಿ 1ರಿಂದಲೂ, ಫೈರ್‌ಫಾಕ್ಸ್ ಎಂಬುದು 1970ನೆಯ ಇಸವಿ ಜನವರಿ 1ರಿಂದಲೂ, ಆಪಲ್ ಕಂಪನಿಯ ಸಫಾರಿ ಎಂಬುದು 2001ನೆಯ ಇಸವಿ ಜನವರಿ 1ರಿಂದಲೂ ಎಣಿಸುತ್ತ ಬರುತ್ತವೆ. ಎಣಿಕೆಯೂ ಭಾರತದ ಕಾಲಮಾನದಲ್ಲಿಲ್ಲ, ಸಾರ್ವತ್ರಿಕ ಕಾಲಮಾನದಲ್ಲಿದೆ. ಅದಕ್ಕೂ ನಮ್ಮ ಗಡಿಯಾರಕ್ಕೂ ಐದೂವರೆ ತಾಸಿನ ಅಂತರ. ದಫ್ತರದಲ್ಲಿ 10ನೆಯ ತಾರೀಖು ರಾತ್ರಿ 8 ಗಂಟೆ 15 ನಿಮಿಷವೆಂದಿದ್ದರೆ ಮುನವಳ್ಳಿಯಲ್ಲಿ ಅದು 11ನೆಯ ತಾರೀಖು ಬೆಳಗಿನ ಜಾವ 1 ಗಂಟೆ 45 ನಿಮಿಷ. ಹತ್ತನೆಯ ತಾರೀಖಿನ ರಾತ್ರಿ ಮೊಬೈಲನ್ನು ಮನೆಯಲ್ಲಿ ಬಿಟ್ಟು ಎಲ್ಲಮ್ಮನ ಗುಡ್ಡದ ಜಾತ್ರೆಗೆ ಹೋಗಿ, ನಡುರಾತ್ರಿಗೆ ಮನೆಗೆ ಮರಳಿದವನಿಗೆ ಈ ಐದೂವರೆ ತಾಸು ಸ್ವಾತಂತ್ರ್ಯವನ್ನು ಕೊಡಲೂಬಹುದು, ಕಸಿದುಕೊಳ್ಳಲೂಬಹುದು. ಇದರ ಮೇಲೆ ಇನ್ನೊಂದು ತೊಡಕು: ಒಂದೇ ಖಾತೆಯನ್ನು ಎರಡು ಸಾಧನಗಳಲ್ಲಿ ತೆರೆದಿದ್ದರೆ ಧಾರವಾಡದಲ್ಲಿ ಓದುವ ಮಗನು ಹುಡುಕಿದ್ದು ಮುನವಳ್ಳಿಯ ತಂದೆಯ ಮೊಬೈಲಿನಲ್ಲಿಯೂ ಬಂದು ಕೂಡಬಹುದು. ತಂದೆಯ ಸಾಧನದಲ್ಲಿ ಸಿಕ್ಕಿತೆಂಬುದು ಸತ್ಯ. ತಂದೆಯು ಹುಡುಕಿದನೆಂಬುದು ಸುಳ್ಳು.

ಇವೆಲ್ಲ ದೂರದ ಮಾತುಗಳೆಂದು ಯಾರಾದರೂ ಅನ್ನುವುದಾದರೆ, ನಮ್ಮ ರಾಜಧಾನಿಯಲ್ಲಿ ನಡೆದುದನ್ನು ನೆನಪು ಮಾಡಿಕೊಡುವುದು ನಮ್ಮ ಕರ್ತವ್ಯ. 2007ನೆಯ ಇಸವಿ ಆಗಸ್ಟ್ ತಿಂಗಳ ಕೊನೆಯ ದಿನ ಪುಣೆಯ ಪೋಲೀಸರು ಬೆಂಗಳೂರಿಗೆ ಬಂದು ತರುಣ ಎಂಜಿನಿಯರನೊಬ್ಬನನ್ನು ಹಿಡಿದೊಯ್ದರು. ಛತ್ರಪತಿ ಶಿವಾಜಿ ಮಹಾರಾಜರನ್ನು ಅವಮಾನಿಸುವ ಚಿತ್ರವನ್ನು ಆರ್ಕುಟ್ ಎಂಬ ತಾಣದಲ್ಲಿ ಹಾಕಿದನೆಂಬುದು ಅವನ ಮೇಲಣ ಆರೋಪ. ಆಧಾರವೇನೆಂದರೆ ಒಂದು ಐಪಿ ವಿಳಾಸ. ಅಂತರ್ಜಾಲದಲ್ಲಿ ಯಂತ್ರಕ್ಕೆ ಕೊಡುವ ಒಂದು ಅಂಕೆ. ಆ ಅಂಕೆಯು ಯಾವ ಗ್ರಾಹಕನದೆಂದು ಸಂಪರ್ಕ ಒದಗಿಸುವ ಕಂಪನಿಯು ಕೊಟ್ಟ ವಿವರವೇ ತಪ್ಪಾಗಿತ್ತು. ಅದು ಬಯಲಾಗುವಷ್ಟರಲ್ಲಿ ಆ ತರುಣನು ಯರವಡಾ ಸೆರೆಮನೆಯಲ್ಲಿ 50 ದಿನಗಳನ್ನು ಕಳೆದಿದ್ದನು. ಇದು ಬ್ರೌಸರಿನ ದಫ್ತರದ ಮಾತಲ್ಲವೆಂಬುದನ್ನು ನಾವು ಬಲ್ಲೆವು. ಆದರೆ ತಪ್ಪಿನ ಬೇರು ಒಂದೇ. ಯಂತ್ರದ ಗುರುತನ್ನು ಮನುಷ್ಯನ ಗುರುತೆಂದು ತಿಳಿದರು. ಕಾಗದದ ಮೇಲಿದ್ದುದನ್ನು ಇನ್ನೊಂದು ಆಧಾರದೊಡನೆ ತಾಳೆ ನೋಡುವುದಕ್ಕೆ ಮುಂಚೆಯೇ ಬೇಡಿಯನ್ನು ತೊಡಿಸಿದರು. ವಿದ್ಯೆಯೂ ಉದ್ಯೋಗವೂ ಇದ್ದ ಪಟ್ಟಣದ ತರುಣನ ಗತಿಯೇ ಹೀಗಾದರೆ, ಇಂಗ್ಲಿಷಿನಲ್ಲಿ ಬರೆದ ಪ್ರಯೋಗಾಲಯದ ವರದಿಯನ್ನು ಓದಲರಿಯದ ನಮ್ಮ ಒಕ್ಕಲಿಗನ ಗತಿಯೇನು?

ಕಾಯದೆಯು ಈ ವಿಷಯದಲ್ಲಿ ಕಣ್ಣು ಮುಚ್ಚಿ ಕುಳಿತಿಲ್ಲವೆಂಬುದನ್ನು ನ್ಯಾಯದೃಷ್ಟಿಯಿಂದ ಹೇಳಲೇಬೇಕು. ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರವು ಅವಶ್ಯವೆಂದು ಸುಪ್ರೀಂ ಕೋರ್ಟು 2014ರ ಅನ್ವರ್ ಖಟ್ಲೆಯಲ್ಲಿ ವಿಧಿಸಿ, 2020ರ ಅರ್ಜುನ ಪಂಡಿತರಾವ್ ಖಟ್ಲೆಯಲ್ಲಿ ಅದನ್ನು ದೃಢಪಡಿಸಿತು. ಹೊಸ ಅಧಿನಿಯಮದ 63ನೆಯ ಕಲಮಿನ ಪ್ರಕಾರ ಆ ಪ್ರಮಾಣಪತ್ರಕ್ಕೆ ಎರಡು ಭಾಗಗಳು. ಒಂದನ್ನು ದಾಖಲೆ ತರುವ ಪಕ್ಷದವರು, ಮತ್ತೊಂದನ್ನು ತಜ್ಞನು ತುಂಬಬೇಕು. ದಾಖಲೆಯ ಹ್ಯಾಶ್ ಎಂಬ ಅಂಕಮುದ್ರೆಯನ್ನು ಅದರಲ್ಲಿ ಬರೆಯಬೇಕು. ಕಡತದಲ್ಲಿ ಒಂದಕ್ಷರವು ಬದಲಾದರೂ ಈ ಮುದ್ರೆಯು ಪೂರ್ತಿ ಬದಲಾಗುವುದು. ಆದುದರಿಂದ ಜಪ್ತಿಯ ತರುವಾಯ ಯಾರಾದರೂ ಕೈ ಆಡಿಸಿದ್ದರೆ ಗೊತ್ತಾಗುವುದು. ಆದರೆ ಪ್ರಮಾಣಪತ್ರದ ನಮೂನೆಯಲ್ಲಿ ಎಂಡಿ-5, ಎಸ್‌ಎಚ್‌ಎ-1 ಎಂಬ ಹಳೆಯ ಮುದ್ರೆಗಳಿಗೂ ಎಡೆಯಿದೆ. ಬೇರೆ ಬೇರೆ ಎರಡು ಕಡತಗಳಿಗೆ ಒಂದೇ ಮುದ್ರೆ ಬರುವಂತೆ ಮಾಡಬಹುದೆಂದು ಮೊದಲನೆಯದರಲ್ಲಿ 2004ರಲ್ಲಿಯೂ, ಎರಡನೆಯದರಲ್ಲಿ 2017ರಲ್ಲಿಯೂ ತೋರಿಸಲ್ಪಟ್ಟಿದೆ. ಎಸ್‌ಎಚ್‌ಎ-256 ಎಂಬ ಬಲವಾದ ಮುದ್ರೆಯು ಸುಲಭವಾಗಿ ದೊರೆಯುವಾಗ ಸವೆದ ಮುದ್ರೆಯನ್ನು ಒತ್ತುವುದು ಏತಕ್ಕೆ?

ನಮ್ಮ ಕರ್ನಾಟಕ ಹೈಕೋರ್ಟಂತೂ ಈ ವಿಷಯದಲ್ಲಿ ದೇಶಕ್ಕೆ ಮೇಲ್ಪಂಕ್ತಿಯನ್ನು ಹಾಕಿಕೊಟ್ಟಿದೆ. 2021ನೆಯ ಇಸವಿ ಮಾರ್ಚ್ 12ರಂದು ವೀರೇಂದ್ರ ಖನ್ನಾ ಖಟ್ಲೆಯಲ್ಲಿ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಅವರು ಕೊಟ್ಟ ತೀರ್ಪಿನಲ್ಲಿ, ಕಂಪ್ಯೂಟರು ಮೊಬೈಲುಗಳನ್ನು ಜಪ್ತಿ ಮಾಡುವ ಕ್ರಮವನ್ನು ವಿವರವಾಗಿ ಹೇಳಲಾಗಿದೆ. ಶೋಧದ ತಂಡದೊಡನೆ ಅರ್ಹ ಪರೀಕ್ಷಕನಿರಬೇಕು, ಆರಿರುವ ಯಂತ್ರವನ್ನು ಹೊತ್ತಿಸಬಾರದು, ಹೊತ್ತಿರುವ ಯಂತ್ರದಲ್ಲಿ ಹುಡುಕಾಟ ನಡೆಸಬಾರದು, ಸಂಪರ್ಕವನ್ನು ಕಡಿಯಬೇಕು, ಮೊಬೈಲನ್ನು ಅಲೆಗಳು ತಾಕದ ಚೀಲದಲ್ಲಿಡಬೇಕು. ಏಕೆಂದರೆ ಕುತೂಹಲದಿಂದ ಬ್ರೌಸರನ್ನು ತೆರೆದು ನೋಡಿದ ಪೋಲೀಸು ಅಧಿಕಾರಿಯ ಬೆರಳು ಕೂಡ ಅದೇ ದಫ್ತರದಲ್ಲಿ ಗುರುತನ್ನು ಬಿಡುತ್ತದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೆಯ ಕಲಮು ಶೋಧ ಜಪ್ತಿಗಳನ್ನು ಚಲಚ್ಚಿತ್ರವಾಗಿ ಸೆರೆಹಿಡಿದು ಮ್ಯಾಜಿಸ್ಟ್ರೇಟರಿಗೆ ತಡಮಾಡದೆ ಕಳಿಸಬೇಕೆಂದು ಹೇಳುತ್ತದೆ. ಸಾಧನದೊಳಗಣ ದಾಖಲೆಯ ಪ್ರತಿಯನ್ನು ಆರೋಪಿಗೆ ಕೊಡಬೇಕೆಂಬುದನ್ನು, ಖಾಸಗಿತನದ ಪ್ರಶ್ನೆ ಬಂದಲ್ಲಿ ತೋರಿಸಿ ಪರೀಕ್ಷಿಸಲು ಬಿಡಬೇಕೆಂಬುದನ್ನು ಸುಪ್ರೀಂ ಕೋರ್ಟು 2019ರಲ್ಲಿ ಕೇರಳದ ಖಟ್ಲೆಯೊಂದರಲ್ಲಿ ಸ್ಪಷ್ಟಪಡಿಸಿದೆ.

ಹೀಗೆ ಮೇಲಣ ನ್ಯಾಯಾಲಯಗಳಲ್ಲಿ ಬೆಳಕು ಬಿದ್ದಿದೆ. ಆ ಬೆಳಕು ಸವದತ್ತಿ, ಬೈಲಹೊಂಗಲ, ರಾಮದುರ್ಗಗಳ ಕೋರ್ಟುಗಳವರೆಗೆ ಬರಬೇಕಷ್ಟೆ. ದೇಶದಲ್ಲಿ ಮೊದಲನೆಯದಾದ ಸೈಬರ್ ಅಪರಾಧ ಠಾಣೆಯನ್ನು 2001ರಲ್ಲಿ ಬೆಂಗಳೂರಿನಲ್ಲಿ ತೆರೆದ ಕೀರ್ತಿ ನಮ್ಮ ನಾಡಿನದು. ಬೆಳಗಾವಿಯಲ್ಲಿ ವಿಧಿವಿಜ್ಞಾನದ ಪ್ರಾದೇಶಿಕ ಪ್ರಯೋಗಾಲಯವಿದೆ. ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಶಾಖೆಗೆ 2023ನೆಯ ಇಸವಿ ಜನವರಿ 28ರಂದು ಶಿಲಾನ್ಯಾಸವಾಗಿದೆ. ಹೈಕೋರ್ಟಿನ ಪೀಠವೂ ಅಲ್ಲಿಯೇ ಇದೆ. ಸಾಮಗ್ರಿಯೆಲ್ಲವೂ ನೆರೆಯಲ್ಲಿಯೇ ಇರುವಾಗ ಕೊರತೆಯಾಗಿರುವುದು ಜೋಡಿಸುವ ಇಚ್ಛಾಶಕ್ತಿ ಮಾತ್ರ.

ಆದುದರಿಂದ ಸರಕಾರದವರಿಗೂ, ನ್ಯಾಯಾಂಗದ ಅಧಿಕಾರಿಗಳಿಗೂ ನಾವು ಕೆಲವು ಮಾತುಗಳನ್ನು ವಿನಯದಿಂದಲೂ ನಿಸ್ಸಂದಿಗ್ಧವಾಗಿಯೂ ಸೂಚಿಸುತ್ತೇವೆ. ಒಂದನೆಯದಾಗಿ, ಪ್ರಯೋಗಾಲಯದಲ್ಲಿ ಸಾಧನದ ಪ್ರತಿಯನ್ನು ತೆಗೆದೊಡನೆ ಅದರ ಅಂಕಮುದ್ರೆಯನ್ನು ಆರೋಪಿಗೂ ಮ್ಯಾಜಿಸ್ಟ್ರೇಟರಿಗೂ ಬರೆದು ತಿಳಿಸಬೇಕು. ಖಟ್ಲೆ ನಿಂತ ಮೇಲೆ ಕೊಡುತ್ತೇವೆಂದರೆ ಸಾಲದು. ಎರಡನೆಯದಾಗಿ, ಬ್ರೌಸರಿನ ಗುರುತನ್ನು ಆಧರಿಸುವ ಪ್ರತಿಯೊಂದು ವರದಿಯಲ್ಲಿಯೂ ಈ ಸಂಗತಿಗಳು ಕಡ್ಡಾಯವಾಗಿರಬೇಕು: ಸಾಧನದಲ್ಲಿದ್ದ ಬ್ರೌಸರುಗಳೆಷ್ಟು, ಪರೀಕ್ಷಿಸಿದವೆಷ್ಟು, ಕಾಲವು ಭಾರತದ್ದೋ ಸಾರ್ವತ್ರಿಕವೋ, ಪುಟವನ್ನು ಬರೆದು ತೆರೆದದ್ದೋ ತಾನಾಗಿ ತೆರೆದದ್ದೋ, ಖಾತೆಯು ಬೇರೆ ಸಾಧನದಲ್ಲಿಯೂ ತೆರೆದಿತ್ತೋ, ಯಂತ್ರದಲ್ಲಿ ಕ್ಷುದ್ರ ತಂತ್ರಾಂಶವಿತ್ತೋ, ಫಲಿತವನ್ನು ಇನ್ನೊಂದು ತಂತ್ರಾಂಶದಿಂದ ತಾಳೆ ನೋಡಿದರೋ ಇಲ್ಲವೋ. ಮೂರನೆಯದಾಗಿ, ಆ ವರದಿಯ ಸಾರಾಂಶವು ಕನ್ನಡದಲ್ಲಿರಬೇಕು. ತನ್ನ ಮೇಲಣ ಸಾಕ್ಷ್ಯವು ಏನೆಂದು ತಿಳಿಯದವನು ಅದಕ್ಕೆ ಉತ್ತರವನ್ನು ಹೇಗೆ ಕೊಟ್ಟಾನು? ನಾಲ್ಕನೆಯದಾಗಿ, ಬಡ ಆರೋಪಿಗೆ ವಕೀಲನನ್ನು ಒದಗಿಸುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವು, ಇಂಥ ಖಟ್ಲೆಗಳಲ್ಲಿ ಸ್ವತಂತ್ರ ತಜ್ಞನನ್ನೂ ಒದಗಿಸಬೇಕು. ತಜ್ಞರೆಲ್ಲರೂ ಸರಕಾರದ ಪಕ್ಷದಲ್ಲಿಯೇ ಇದ್ದರೆ ಪಾಟೀಸವಾಲು ಎಂಬುದು ಬರಿಯ ಉಪಚಾರ. ಐದನೆಯದಾಗಿ, ಕೀರ್ದಿ ಖತಾವಣಿಗೆ 28ನೆಯ ಕಲಮಿನಲ್ಲಿರುವ ನಿರ್ಬಂಧವನ್ನೇ ಬ್ರೌಸರಿನ ದಫ್ತರಕ್ಕೂ ವಿಸ್ತರಿಸಿ, ಇದೊಂದರಿಂದಲೇ ಯಾರನ್ನೂ ಅಪರಾಧಿಯೆಂದು ತೀರ್ಮಾನಿಸಲಾಗದೆಂದು ಸಂಸತ್ತು ವಿಧಿಸಬೇಕು. ಪರಕೀಯ ಆಳಿಕೆಯಲ್ಲಿ ಮಾಡಿದ ಕಾಯದೆಗೇ ಸಾಹುಕಾರನ ಲೇಖನಿಯ ಮೇಲೆ ಸಂದೇಹವಿದ್ದಿತು. ಸ್ವತಂತ್ರ ಭಾರತದ ನಮ್ಮದೇ ಕಾಯದೆಗೆ ಯಂತ್ರದ ಲೇಖನಿಯ ಮೇಲೆ ಅಷ್ಟಾದರೂ ಸಂದೇಹ ಬೇಡವೇ?

ಇಷ್ಟೆಲ್ಲ ಕಟ್ಟಳೆಗಳನ್ನು ಹಾಕಿದರೆ ಕಳ್ಳರೂ ಕೊಲೆಗಡುಕರೂ ತಪ್ಪಿಸಿಕೊಂಡು ಹೋಗುವರೆಂಬ ಆಕ್ಷೇಪವನ್ನು ನಾವು ನಿರೀಕ್ಷಿಸುತ್ತೇವೆ. ಕೆಲಸದ ಹೊರೆಯು ಹೆಚ್ಚುವುದೆಂಬುದನ್ನೂ, ಪ್ರಯೋಗಾಲಯಗಳಿಗೆ ಜನವೂ ಹಣವೂ ಬೇಕೆಂಬುದನ್ನೂ ನಾವು ಅಲ್ಲಗಳೆಯುವುದಿಲ್ಲ. ಆದರೆ ಆರ್ಲ್ಯಾಂಡೋದ ಖಟ್ಲೆಯನ್ನು ಆಕ್ಷೇಪಕರು ಮತ್ತೊಮ್ಮೆ ನೆನೆಯಲಿ. ಅಲ್ಲಿ ಸರಕಾರಿ ಪಕ್ಷವು ಸೋತುದು ಕಟ್ಟಳೆ ಹೆಚ್ಚಾದುದರಿಂದಲ್ಲ, ಎಚ್ಚರಿಕೆ ಕಡಿಮೆಯಾದುದರಿಂದ. ಎಷ್ಟು ಬ್ರೌಸರುಗಳಿವೆಯೆಂದು ಬರೆಯಲೇಬೇಕಾದ ನಿಯಮವಿದ್ದಿದ್ದರೆ ಎರಡನೆಯದನ್ನು ನೋಡದೆ ಬಿಡುವಂತಿರಲಿಲ್ಲ. ಬಿಗಿಯಾಗಿ ಕಟ್ಟಿದ ಸಾಕ್ಷ್ಯವು ಪಾಟೀಸವಾಲಿಗೆ ಅಳುಕುವುದಿಲ್ಲ. ಸಡಿಲವಾಗಿ ಕಟ್ಟಿದ್ದು ಮೇಲ್ಮನವಿಯಲ್ಲಿ ಕುಸಿದು, ನಿಜವಾದ ಅಪರಾಧಿಯನ್ನೂ ಬಿಡಿಸಿ ಕಳಿಸುತ್ತದೆ.

ಊರಿನ ಜನರಿಗೂ ಒಂದು ಮಾತು ಉಂಟು. ಅಂತರ್ಜಾಲದಲ್ಲಿ ಮೋಸಹೋದವರು ನಾಚಿಕೆಯಿಂದ ಬ್ರೌಸರಿನ ಲೆಕ್ಕವನ್ನು ಅಳಿಸಿಬಿಟ್ಟರೆ, ಕಳ್ಳನ ಹೆಜ್ಜೆಯನ್ನು ತಾವೇ ಒರಸಿದಂತಾಗುವುದು. ಅಳಿಸದೆ, ತಡಮಾಡದೆ 1930 ಎಂಬ ಸಂಖ್ಯೆಗೆ ತಿಳಿಸಿ ಠಾಣೆಗೆ ಹೋಗಬೇಕು. ಮನೆಮಂದಿಗೆಲ್ಲ ಒಂದೇ ಮೊಬೈಲಿದ್ದರೆ, ಅದರಲ್ಲಿ ಯಾರು ಏನು ಮಾಡುತ್ತಾರೆಂಬುದನ್ನು ಹಿರಿಯರು ಅರಿತಿರಬೇಕು. ಅಪರಿಚಿತರ ಕೈಗೆ ಅದನ್ನು ಕೊಡುವವರು ತಮ್ಮ ಸಹಿಯ ಮುದ್ರೆಯನ್ನೇ ಕೊಡುತ್ತಿರುವೆವೆಂದು ತಿಳಿಯಬೇಕು.

ಮುನವಳ್ಳಿಯ ಪಂಚಲಿಂಗೇಶ್ವರ ಗುಡಿಯ ಕಡೆಯಿಂದ ಹೊಳೆಯ ದಾರಿಯಲ್ಲಿ ನಡೆದವರಿಗೆ ಒಂದು ಗೊತ್ತು. ಉಸುಕಿನ ಮೇಲೆ ಕೆರವಿನ ಗುರುತು ಕಂಡರೆ, ಆ ದಾರಿಯಲ್ಲಿ ಆ ಕೆರವು ಹೋಯಿತೆಂದು ಹೇಳಬಹುದು. ಅದನ್ನು ಮೆಟ್ಟಿದ್ದವನು ಯಾರೆಂದು ಹೇಳಬೇಕಾದರೆ ಕಂಡವರನ್ನು ಕೇಳಬೇಕು, ಅವನು ಎಲ್ಲಿಂದ ಬಂದು ಎಲ್ಲಿಗೆ ಹೋದನೆಂದು ವಿಚಾರಿಸಬೇಕು. ನಮ್ಮ ಪೋಲೀಸರೂ ನ್ಯಾಯಾಧೀಶರೂ ಬ್ರೌಸರಿನ ಗುರುತನ್ನು ಕಂಡಾಗ ಅಷ್ಟು ವಿಚಾರಿಸಿದರೆ ಸಾಕು. ಅದಕ್ಕಿಂತ ಹೆಚ್ಚಿನದನ್ನು ನಾವು ಬೇಡುವುದಿಲ್ಲ, ಕಡಿಮೆಯದಕ್ಕೆ ಒಪ್ಪುವುದೂ ಇಲ್ಲ.